ಮಾನ್ಯ ತೊಂಬತ್ತೊಂದು ಪಾಯಿಂಟ್ ಏಳು ಅವರ ಸನ್ನಿಧಾನಕ್ಕೆ

ಮಾನ್ಯರೇ,

ಶೃಂಗೇರಿ ತಾಲ್ಲೂಕು ಕೆರೆಕಟ್ಟೆಯ ಹತ್ತಿರದ ನಮ್ಮ ಕೇರಿಯಿಂದ, ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದ ಸೀತಕ್ಕ ತಮ್ಮ ಅಡಿದಾವರೆಗಳಿಗೆ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳಬೇಕಾಗಿಲ್ಲ. ವರದಿಯ ನಲವತ್ತಮೂರನೆಯ ಪುಟದಲ್ಲಿ, ಹಸಿರು ಬಣ್ಣದ ಕಂಬವೊಂದರ ನೆತ್ತಿಯ ಮೇಲೆ, ಮಳೆ ಬಿಸಿಲು ಯಾವುದೂ ತಾಗದಂತೆ ತಾವು ಸುಖವಾಗಿ ಕುಳಿತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಪತ್ರವನ್ನು ಮನುಷ್ಯರಿಗೆ ಬರೆಯುವುದು ವಾಡಿಕೆ. ಹಾಗೆ ಇಬ್ಬರಿಗೆ ಬರೆದೂ ನೋಡಿದೆ. ಬಸ್ಸಿನವರು "ವರದಿ ಹಾಗೆ ಹೇಳುತ್ತದೆ" ಎಂದರು, ವರದಿಯವರು "ಅಂಕಿ ಹಾಗೆ ಹೇಳುತ್ತದೆ" ಎಂದರು. ಹೀಗೆ ಎಲ್ಲರೂ ಅಂಕಿಯಾದ ತಮ್ಮ ಕಡೆಗೇ ಕೈ ತೋರಿಸಿದ್ದರಿಂದ, ಈ ಸೀಮೆಯಲ್ಲಿ ಅಧಿಕಾರ ಇರುವುದು ತಮಗೊಬ್ಬರಿಗೇ ಎಂದು ತಿಳಿದು ನೇರವಾಗಿ ತಮಗೇ ಬರೆಯುವ ಧೈರ್ಯ ಮಾಡಿದ್ದೇನೆ.

ಇದು ಬಹಿರಂಗ ಪತ್ರವಾದ್ದರಿಂದ ಓದುವ ಇತರರಿಗೆ ತಮ್ಮ ಜಾತಕ ಹೇಳಬೇಕಲ್ಲ. ಕಳೆದ ನವೆಂಬರಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಊರುಗಳಲ್ಲಿ ಬಸ್ಸು, ರಸ್ತೆ, ಆಸ್ಪತ್ರೆಗಳು ಜನರಿಗೆ ಎಷ್ಟರ ಮಟ್ಟಿಗೆ ಸಿಗುತ್ತಿವೆ ಎಂದು ಜನರನ್ನೇ ಕೇಳಿ ತಿಳಿಯಲು ಒಂದು ಸಂಶೋಧನಾ ಸಂಸ್ಥೆಯವರು ಬಂದಿದ್ದರು. ನಮ್ಮ ಕೇರಿಯ ಪಾಲಿಗೆ ಬಂದವರು ನಿತೀಶ್ ಮತ್ತು ಭವ್ಯ ಎಂಬ ಇಬ್ಬರು ಸುಶೀಲ ಮಕ್ಕಳು, ಅವರ ಕೈಯಲ್ಲೊಂದು ಟ್ಯಾಬು. ಮನೆಮನೆಗೆ ಕರೆದೊಯ್ಯಲು ನನ್ನನ್ನು ಜೊತೆಗೆ ಹಾಕಿಕೊಂಡರು. ಪ್ರತಿ ಪ್ರಶ್ನೆಗೆ ಒಂದರಿಂದ ಐದರವರೆಗೆ ಅಂಕ. ಒಂದು ಎಂದರೆ ತುಂಬಾ ತೊಂದರೆ, ಐದು ಎಂದರೆ ಪೂರ್ಣ ತೃಪ್ತಿ. ನಲವತ್ತೆಂಟು ಮನೆಗಳಲ್ಲಿ ನಲವತ್ತನಾಲ್ಕು ಮನೆಯವರು ಐದು ಕೊಟ್ಟರು. ಭಾಗಿಸಿದಾಗ ಅವತರಿಸಿದವರು ತಾವು, ಶೇಕಡಾ ತೊಂಬತ್ತೊಂದು ಪಾಯಿಂಟ್ ಏಳು ತೃಪ್ತಿ. ಅಂದರೆ ತಮ್ಮ ಹೆರಿಗೆಯಾದದ್ದು ನನ್ನೆದುರಿನಲ್ಲಿ, ಸೂಲಗಿತ್ತಿಯೂ ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಮಾತು ಸೂಲಗಿತ್ತಿಗೂ ಸಲ್ಲುತ್ತದೆಯಾದ್ದರಿಂದ, ಮೊದಲ ಕೆಲವು ತಿಂಗಳು ತಮ್ಮ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಆ ಐದುಗಳು ಹೇಗೆ ಹುಟ್ಟಿದವು ಎಂಬುದು ವರದಿಯಲ್ಲಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ನಮ್ಮ ಕಡೆ ಮನೆಗೆ ಬಂದವರ ಮುಂದೆ ಗೋಳು ತೋಡಿಕೊಳ್ಳುವ ಪದ್ಧತಿ ಇಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಕಾಫಿ, ಜೊತೆಗೆ ಡಬ್ಬದಲ್ಲಿದ್ದದ್ದು ಏನಾದರೂ. ಅಷ್ಟೆಲ್ಲ ಕೊಟ್ಟು, ಅವರು ಕುಡಿದ ಲೋಟ ಕೆಳಗಿಡುವ ಹೊತ್ತಿಗೆ "ನಮ್ಮ ಊರು ಸರಿಯಿಲ್ಲ, ನಮಗೆ ಅದಿಲ್ಲ ಇದಿಲ್ಲ" ಎನ್ನುವುದು ಕೊಟ್ಟ ಕಾಫಿಗೆ ಬೆಲೆ ಕೇಳಿದ ಹಾಗೆ. ಮನೆಯಲ್ಲಿ ಜ್ವರದಿಂದ ಮಲಗಿದವರಿದ್ದರೂ ಹೇಗಿದ್ದೀರಿ ಎಂದರೆ ನಾವು "ಅಡ್ಡಿಲ್ಲ" ಎನ್ನುತ್ತೇವೆ. ಅಡ್ಡಿಲ್ಲ ಎಂದ ಮೇಲೂ ಕೇಳುವವನು ಒಂದು ಗಳಿಗೆ ಕೂರಬೇಕು, ದನದ ಬಗ್ಗೆ, ಮಗಳ ಬಗ್ಗೆ ಮಾತಾಡಬೇಕು, ಎದ್ದು ಅಂಗಳಕ್ಕೆ ಇಳಿದಾಗ ಹಿಂದಿನಿಂದ ನಿಜ ಬರುತ್ತದೆ. ಟ್ಯಾಬು ಅಷ್ಟು ಹೊತ್ತು ಕಾಯುವುದಿಲ್ಲ. ಅಡ್ಡಿಲ್ಲ ಎಂದ ಕೂಡಲೇ ಐದು ಒತ್ತಿ ಮುಂದಿನ ಪ್ರಶ್ನೆಗೆ ಹೋಗುತ್ತದೆ.

ಇನ್ನು ಪ್ರಶ್ನೆಗಳ ಘನತೆಯನ್ನು ಎಷ್ಟು ಹೊಗಳಿದರೂ ಸಾಲದು. ಅವುಗಳನ್ನು ಉತ್ತರದ ಯಾವುದೋ ಹಿಮದ ದೇಶದ ಹಳ್ಳಿಗಳಿಗೆಂದು ಮೊದಲು ರೂಪಿಸಿದ್ದರಂತೆ. ಅಲ್ಲಿ ಚೆನ್ನಾಗಿ ನಡೆದದ್ದರಿಂದ ಹಾಗೆಯೇ ಕನ್ನಡಕ್ಕೆ ತಂದರಂತೆ. ಹದಿನೇಳನೆಯ ಪ್ರಶ್ನೆ, ವರ್ಷದಲ್ಲಿ ಎಷ್ಟು ದಿನ ಹಿಮ ಬಿದ್ದು ನಿಮ್ಮ ರಸ್ತೆ ಮುಚ್ಚಿರುತ್ತದೆ ಎಂಬುದು. ನಾವು ಸೊನ್ನೆ ಎಂದೆವು, ಅದು ಸತ್ಯವೇ. ಆ ಸೊನ್ನೆಯಿಂದಾಗಿ ಮೂರು ತಾಲ್ಲೂಕುಗಳಲ್ಲೇ ಉತ್ತಮ ರಸ್ತೆ ಸಂಪರ್ಕವುಳ್ಳ ಊರು ಎಂಬ ಬಿರುದು ನಮಗೆ ಬಂತು. ಜುಲೈ ತಿಂಗಳಲ್ಲಿ ಮರ ಬಿದ್ದು ರಸ್ತೆ ಮುಚ್ಚುವುದಕ್ಕೆ ಆ ಫಾರಂನಲ್ಲಿ ಕಾಲಂ ಇರಲಿಲ್ಲ. ಪಾಪ ಭವ್ಯ ಹುಡುಕಿದಳು, ಸಿಗಲಿಲ್ಲ.

ತೃಪ್ತರಲ್ಲದ ನಾಲ್ಕು ಮನೆಗಳ ಬಗ್ಗೆಯೂ ಒಂದು ಮಾತು. ಅವುಗಳಲ್ಲಿ ಮೂರು ಮನೆಯವರು ಆ ದಿನ ಕರೆಂಟು ಹೋಗಿ, ರುಬ್ಬುತ್ತಿದ್ದ ಹಿಟ್ಟು ಅರ್ಧಕ್ಕೆ ನಿಂತು ಸಿಟ್ಟಿನಲ್ಲಿದ್ದರು. ನಾಲ್ಕನೆಯವರು ತಿಮ್ಮಪ್ಪ, ನಮ್ಮ ಊರಿನ ಪರಮ ತಕರಾರಿನ ಮನುಷ್ಯ, ಮದುವೆಯ ಊಟದಲ್ಲಿ ಹೋಳಿಗೆಗೂ ಉಪ್ಪು ಕಡಿಮೆ ಎನ್ನುವವರು. ಅವರು ಜಗುಲಿಯಲ್ಲಿ ನಿಂತೇ, "ಬೆಳಗಿನ ಬಸ್ಸೊಂದು ತಪ್ಪಿದ್ರೆ ಈ ಊರು ಸತ್ತ ಹಾಗೆ ಮಾರಾಯ್ರೆ, ಅದನ್ನ ಬರ್ಕೊಳ್ಳಿ ಮೊದ್ಲು" ಎಂದು ಕೂಗಿದರು. ನನಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಗೇಟು ದಾಟಿದ ಮೇಲೆ ಆ ಮಕ್ಕಳ ಹತ್ತಿರ "ಅವರು ಹಾಗೆಯೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಕ್ಷಮೆ ಕೇಳಿದವಳು ನಾನು. ಅವರು ಹಚ್ಚಿಕೊಳ್ಳಲಿಲ್ಲ. ಇಡೀ ಸಮೀಕ್ಷೆಯಲ್ಲಿ ನಿಜ ಹೇಳಿದ ಒಬ್ಬರೇ ಒಬ್ಬರು ವರದಿಯ ಅಡಿಟಿಪ್ಪಣಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, "ಪರಿಗಣಿಸಬೇಕಿಲ್ಲದ ಅಪವಾದ" ಎಂದು ನಮೂದಾಗಿದ್ದಾರೆ.

ಮಾನ್ಯರೇ, ಈಗ ಕರಿಯಣ್ಣನ ವಿಷಯ. ಅಡಿಕೆ ಮರದ ತುದಿಯಲ್ಲೇ ಗೊನೆ ಕೊಯ್ಯುತ್ತ ಅರ್ಧ ಆಯುಷ್ಯ ಕಳೆದ ಕೊನೆಗಾರ. ಒಂದು ಮರದಿಂದ ಇನ್ನೊಂದಕ್ಕೆ ಇಳಿಯದೆಯೇ ದಾಟುತ್ತಿದ್ದವನು. ಎರಡು ವರ್ಷದ ಹಿಂದೆ ಕಿಡ್ನಿ ಕೈಕೊಟ್ಟಿತು. ಅಂದಿನಿಂದ ಸೋಮವಾರ ಮತ್ತು ಗುರುವಾರ, ಹೆಂಡತಿ ಶಾಂತಕ್ಕನ ಜೊತೆ ಏಳೂಕಾಲಿನ ಬಸ್ಸು ಹಿಡಿದು ಶೃಂಗೇರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದಾರೆ, ಶಾಂತಕ್ಕ ಅದನ್ನು ಒಂದು ಚೊಂಬಿನಲ್ಲಿ ಅಳೆದಿಡುತ್ತಾಳೆ. ಸಮೀಕ್ಷೆಯ ದಿನ ಆ ಮನುಷ್ಯ ತಾನು ಒಂದು ಗುಟುಕೂ ಕುಡಿಯದೆ ಮಕ್ಕಳಿಬ್ಬರಿಗೂ ಲೋಟದ ತುಂಬ ಕಾಫಿ ಕೊಡಿಸಿ, ಕುಡಿಯುವುದನ್ನು ನೋಡುತ್ತ ಕುಳಿತಿದ್ದ. ಆಸ್ಪತ್ರೆಗೆ ಹೋಗಿಬರುವುದು ಕಷ್ಟವೇ ಎಂದು ಕೇಳಿದಾಗ ಅವನು ಹೇಳಿದ್ದು ಇಷ್ಟು: "ಎಂತ ಕಷ್ಟ, ಬಸ್ಸು ಉಂಟಲ್ಲ. ಐದು ಹಾಕಿ."

ಬಸ್ಸು ಇದ್ದದ್ದರಿಂದ ಕಷ್ಟ ಇರಲಿಲ್ಲ. ಕಷ್ಟ ಇಲ್ಲದ್ದರಿಂದ ಬಸ್ಸು ಬೇಕಾಗಿಲ್ಲ. ಈ ಜಾಣ ಲೆಕ್ಕವನ್ನು ಮಾಡಿದವರು ಯಾರೇ ಇರಲಿ, ಅವರ ಕೈಗೆ ಬಂಗಾರದ ಬಳೆ ತೊಡಿಸಬೇಕು. ಸೇವೆಗಳನ್ನು ತೃಪ್ತಿ ಹೆಚ್ಚಿರುವ ಕಡೆಯಿಂದ ತೃಪ್ತಿ ಕಡಿಮೆ ಇರುವ ಕಡೆಗೆ ಹಂಚಬೇಕೆಂದು ವರದಿ ಶಿಫಾರಸು ಮಾಡಿತು, ಜೂನ್ ಮೊದಲ ವಾರ ಏಳೂಕಾಲಿನ ಬಸ್ಸು ನಿಂತಿತು. ಮುಂದಿನ ಬಸ್ಸು ಹನ್ನೊಂದಕ್ಕೆ, ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಕರಿಯಣ್ಣನ ಪಾಳಿ ಮುಗಿದಿರುತ್ತದೆ. ಆ ಬಸ್ಸು ಎಲ್ಲಿಗೆ ಹೋಯಿತೆಂಬುದು ಕಡಹಿನಬೈಲಿನಲ್ಲಿರುವ ನನ್ನ ಅಕ್ಕ ವನಜಮ್ಮ ಫೋನು ಮಾಡಿದಾಗ ತಿಳಿಯಿತು. ಅವರ ಊರಿಗೆ ಸಮೀಕ್ಷೆಯವರು ಹೋದಾಗ ಅಡಿಕೆ ಸುಲಿಯುವ ಗಡಿಬಿಡಿಯಂತೆ, ಯಾರಿಗೂ ಕಾಫಿ ಕೊಡಲು ಪುರುಸೊತ್ತಿರಲಿಲ್ಲವಂತೆ, ಎಲ್ಲರೂ ತಲೆ ಎತ್ತದೆ "ಒಂದು, ಒಂದು" ಎಂದು ಹೇಳಿ ಕಳಿಸಿದರಂತೆ. "ನಮ್ಗೀಗ ಬೆಳಿಗ್ಗೆ ಎರಡೆರಡು ಬಸ್ಸು ಕಣೇ, ಒಂದು ಖಾಲಿಯೇ ಓಡ್ತದೆ" ಎಂದಳು. ಅಳುವ ಕೂಸಿಗೆ ಹಾಲು ಎಂದು ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಕಂಡವಳಿಗೆ ಇದು ಹೊಳೆಯಬಾರದಿತ್ತೇ!

ಹೊಳೆಯಲಿಲ್ಲ. ಅದೇ ನನ್ನನ್ನು ಸುಡುತ್ತಿದೆ. ಮನೆಗಳಿಗೆ ಹೋಗುವ ಹಿಂದಿನ ದಿನ "ದೂರದಿಂದ ಬರುತ್ತಿದ್ದಾರೆ, ಊರಿನ ಮರ್ಯಾದೆ ಉಳಿಸಿ" ಎಂದು ಎಲ್ಲರಿಗೂ ಹೇಳಿಬಂದವಳು ನಾನೇ. ಮರ್ಯಾದೆ ಪೂರ್ತಿ ಉಳಿದಿದೆ. ಕರಿಯಣ್ಣನಿಗೆ ವಾರಕ್ಕೆ ಒಂದು ಸಲ ನಮ್ಮ ಊರಿನ ಯೋಗೇಂದ್ರನ ಜೀಪು ಸಿಕ್ಕರೆ ಪುಣ್ಯ. ಇನ್ನೊಂದು ಪಾಳಿ ತಪ್ಪುತ್ತದೆ, ಕಾಲು ಬಾತುಕೊಳ್ಳುತ್ತದೆ, ಮಲಗಿದರೆ ಉಸಿರು ಸಿಕ್ಕುವುದಿಲ್ಲವೆಂದು ಗೋಡೆಗೆ ಒರಗಿ ಕೂರುತ್ತಾನೆ. ನಾನು ಹೋದರೆ "ಬನ್ನಿ ಟೀಚರೇ" ಎಂದು ಎದ್ದು ಜಾಗ ಬಿಡಲು ನೋಡುತ್ತಾನೆ. ನನ್ನ ಮೇಲೆ ಒಂದು ಸಿಟ್ಟಿನ ಮಾತು ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಸ್ಸು ನಿಂತ ಮೇಲೆ ಜನರ ತೃಪ್ತಿ ಹೇಗಿದೆ ಎಂದು ಅಳೆಯಲು ಮತ್ತೊಂದು ಸಮೀಕ್ಷೆ ಇದೆಯಂತೆ. ಅದಕ್ಕಾಗಿ ಹದಿನೈದು ದಿನದಿಂದ ಅಂಗನವಾಡಿಯ ಜಗುಲಿಯಲ್ಲಿ ದೊಡ್ಡವರಿಗೆ ಗೊಣಗುವ ತರಗತಿ ನಡೆಸುತ್ತಿದ್ದೇನೆ. ತಿಮ್ಮಪ್ಪನವರೇ ಮೇಷ್ಟ್ರು. ನಾನು ಸಮೀಕ್ಷೆಯವಳಂತೆ ಬಂದು ಕೇಳುವುದು, ಊರವರು "ಒಂದು" ಎನ್ನುವುದು. ಹೆಚ್ಚಿನವರಿಗೆ ಬಾಯಿಪಾಠವಾಗಿದೆ. ಶಾಂತಕ್ಕನಿಗೆ ಮಾತ್ರ ಎಷ್ಟು ಹೇಳಿಕೊಟ್ಟರೂ "ಒಂದು" ಎಂದ ಮೇಲೆ "ಬೇಜಾರು ಮಾಡ್ಕಬೇಡಿ ಮತ್ತೆ" ಎಂದು ಸೇರಿಸುವುದು ತಪ್ಪುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹ. ತಾವು ಒಮ್ಮೆ ಆ ಹಸಿರು ಕಂಬದಿಂದ ಇಳಿದು ಬರಬೇಕು. ತೊಂಬತ್ತೊಂದು ಭಾಗ ದೂರದಲ್ಲೇ ಇರಲಿ, ಆ ಪಾಯಿಂಟಿನ ಮುಂದಿನ ಏಳಾದರೂ ಬಂದು ಶಾಂತಕ್ಕನಿಗೆ ಒಂದು ದಿನ ಹೆಗಲು ಕೊಡಲಿ. ಬಸ್ಸು ಕೊಡಲು ಆಗದಿದ್ದರೆ ನಮ್ಮ ಬಳಿ ಮಿಕ್ಕಿರುವ ತೃಪ್ತಿಯನ್ನು ಮೂಟೆ ಕಟ್ಟಿ ಕೊಪ್ಪಕ್ಕೆ ಸಾಗಿಸಿ, ಅದನ್ನೇ ಕರಿಯಣ್ಣನ ರಕ್ತ ಸೋಸುವ ಯಂತ್ರಕ್ಕೆ ಹಾಕಲು ಬರುತ್ತದೆಯೇ ಎಂದು ವಿಚಾರಿಸಬೇಕು. ಇದಾವುದೂ ಸಾಧ್ಯವಿಲ್ಲವಾದರೆ, ತಾವು ಮಹಾ ಸುಳ್ಳು ಎಂದು ತಮ್ಮ ಬಾಯಿಂದಲೇ ಒಪ್ಪಿಕೊಂಡು, ತಮ್ಮ ಸಿಂಹಾಸನವನ್ನು ಅಡಿಟಿಪ್ಪಣಿಯ ತಿಮ್ಮಪ್ಪನವರಿಗೆ ಬಿಟ್ಟುಕೊಡಬೇಕಾಗಿ ಪ್ರಾರ್ಥನೆ.

ಇಂತು, ತಮ್ಮನ್ನು ಹುಟ್ಟಿದ ದಿನ ಎತ್ತಿ ಆಡಿಸಿ ಈಗ ಕೈ ತೊಳೆದುಕೊಳ್ಳಲು ನೀರು ಹುಡುಕುತ್ತಿರುವ

ತಮ್ಮ ವಿಶ್ವಾಸಿ,
ಸೀತಕ್ಕ

ಮರೆತ ಮಾತು: ಪತ್ರ ಮುಗಿಸಿ ಲಕೋಟೆ ಅಂಟಿಸುವ ಹೊತ್ತಿಗೆ ಎರಡನೆಯ ಸಮೀಕ್ಷೆಯ ಹುಡುಗಿ, ದಿವ್ಯ ಎಂದು ಹೆಸರು, ಬಂದೇಬಿಟ್ಟಳು. ಮೊದಲು ಕರಿಯಣ್ಣನ ಮನೆಗೇ ಕರೆದೊಯ್ದೆ. ಬೆಳಗಿನ ಬಸ್ಸಿಲ್ಲದೆ ನಾಲ್ಕು ಮೈಲಿ ನಡೆದು ಬಂದಿದ್ದಳು. ಎರಡೂ ಕಾಲಿಗೆ ಜಿಗಣೆ ಹತ್ತಿ ರಕ್ತ ಇಳಿಯುತ್ತಿತ್ತು. ಶಾಂತಕ್ಕ ಸುಣ್ಣ ಹಚ್ಚಿದಳು, ಕಾಫಿ ಕೊಟ್ಟಳು. ಹುಡುಗಿ ಟ್ಯಾಬು ಒರೆಸಿಕೊಂಡು, ಆಸ್ಪತ್ರೆಗೆ ಹೋಗಿಬರಲು ಕಷ್ಟವೇ ಎಂದು ಕೇಳಿದಳು. ನಾನು ಹಿಂದಿನಿಂದ ಒಂದು ಬೆರಳು ಎತ್ತಿ ತೋರಿಸಿದೆ. ಕರಿಯಣ್ಣ ನನ್ನ ಬೆರಳನ್ನೂ ನೋಡಿದ, ಅವಳ ಕಾಲನ್ನೂ ನೋಡಿದ. "ಪಾಪ, ಇಷ್ಟು ದೂರ ನಡ್ಕೊಂಡು ಬಂದೀಯ ತಾಯಿ, ಐದೇ ಹಾಕ್ಕೊ" ಎಂದ. ತಾವು ಮೇಲೇರುತ್ತಿದ್ದೀರಿ, ಅಭಿನಂದನೆಗಳು. ಬರುವ ಸೋಮವಾರ ಜೀಪು ಇಲ್ಲ. ಏಳೂಕಾಲಿಗೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತಾನೆ, ದಯವಿಟ್ಟು ತಾವೇ ಬಂದು ಕರೆದುಕೊಂಡು ಹೋಗಿ. ತಡವಾದರೆ ಏನನ್ನುತ್ತಾನೋ ಎಂಬ ಅಂಜಿಕೆ ಬೇಡ. ಅಡ್ಡಿಲ್ಲ ಎನ್ನುತ್ತಾನೆ.