ಒಂದು ಕಂಪ್ಯೂಟರಿಗೆ ಇಬ್ಬರು ಯಜಮಾನರು

ಅತ್ತೆ ಸೊಸೆ ಒಂದಾಗಿದ್ರೆ ಮನೆ ನಂದಗೋಕುಲ ಅಂತ ಹೇಳೋರುಂಟು. ಹಂಗೆ ಹೇಳೋರು ಯಾರೂ ಅಂಥ ಮನೇಲಿ ಮಗನಾಗಿ ಹುಟ್ಟಿರಲ್ಲ. ನನ್ನ ಮಗ ರಾಜಣ್ಣನ್ನ ಕೇಳಿ, ಹೇಳ್ತಾನೆ. ನಾನೂ ನನ್ನ ಸೊಸೆ ಪಂಕಜನೂ ದಿನಾ ಕಿತ್ತಾಡ್ತಿದ್ದ ಕಾಲದಲ್ಲಿ ಅವನು ನೆಮ್ಮದಿಯಾಗಿದ್ದ. ಅವಳು ಏನ್ ಮಾಡಿದ್ರೂ ನಾನು ಹೇಳ್ತಿದ್ದೆ, ನಾನು ಏನ್ ಮಾಡಿದ್ರೂ ಅವಳು ಹೇಳ್ತಿದ್ಲು, ಅವನಿಗೆ ಕೂತ ಕಡೆ ಸಮಾಚಾರ ಸಿಕ್ತಿತ್ತು. ನಾವು ಒಂದಾದ ಮೇಲೆ ಅವನ ಮನೇಲಿ ಏನ್ ನಡೀತೈತೆ ಅನ್ನೋದು ಅವನಿಗೇ ಗೊತ್ತಾಗ್ದಂಗಾಯ್ತು. ನಾವೇನು ದೇವ್ರ ಕೆಲ್ಸಕ್ಕೆ ಒಂದಾಗಿದ್ದಲ್ಲ ಬಿಡಿ. ಕಂಪ್ಯೂಟರಲ್ಲಿ ಆಟ ಆಡಕ್ಕೆ ಒಂದಾಗಿದ್ದು.

ರಾಜ ಹೊಳೆನರಸೀಪುರದಲ್ಲಿ ಪತ್ರ ಬರೆಯೋನು. ಕ್ರಯ, ದಾನ, ವಿಭಾಗ, ಏನ್ ಬೇಕಾದ್ರೂ ಬರ್ಕೊಡ್ತಾನೆ. ನಮ್ಮನೆ ಮುಂದಿನ ರೂಮೇ ಅವನ ಆಫೀಸು. ಅಲ್ಲಿರೋ ಕಂಪ್ಯೂಟರಲ್ಲಿ ಮೊದ್ಲು ಇಸ್ಪೀಟಾಟ ಇತ್ತು. ಒಂದಿನ ಅವನಿಲ್ದಾಗ ನಾನು ಆಡ್ತಾ ಕೂತಿದ್ದೆ, ಸೈಟಿನ ಪತ್ರಕ್ಕೆ ಬಂದ ಮೇಷ್ಟ್ರೊಬ್ರು ಹಿಂದೆ ನಿಂತ್ಕಂಡು, "ಆ ಎಕ್ಕ ಮೇಲಕ್ಕೆ ಹಾಕಿ ಅಮ್ಮಾ" ಅಂತ ಹೇಳಕ್ಕೆ ಶುರು ಮಾಡಿದ್ರು. ಒಂದೂವರೆ ಗಂಟೆ ಹೇಳಿದ್ರು. ಆಮೇಲೆ ಬಂದ ಕೆಲ್ಸ ಮರ್ತು ಮನೆಗೆ ಹೋದ್ರು. ರಾಜನಿಗೆ ಸಿಟ್ಟು ಬಂತು. ಆಟ ಎಲ್ಲಾ ತೆಗೆದುಹಾಕಿ ಪಾಸ್ವರ್ಡ್ ಬದಲಾಯಿಸ್ಬಿಟ್ಟ. "ಇದು ಕೆಲ್ಸದ ಯಂತ್ರ ಕಣಮ್ಮ. ಇದ್ರೊಳಗೆ ಜನಗಳ ಜಮೀನು ಐತೆ. ಆಟ ಆಡೋ ವಸ್ತು ಅಲ್ಲ" ಅಂದ. ಅದನ್ನ ಹೇಳೋವಾಗ ಅವನ ಹೆಬ್ಬೆಟ್ಟು ಫೋನನ್ನ ನೀವ್ತಾನೇ ಇತ್ತು. ಫೋನೊಳಗೆ ಯಾವ್ದೋ ನಾಯಿ ಸ್ಕೂಟರ್ ಮೇಲೆ ಕೂತು ಹೋಗ್ತಿತ್ತು. ಅದು ಕೆಲ್ಸದ ನಾಯಿ ಇರ್ಬೇಕು.

ಪಂಕಜ ಹಿರೀಸಾವೆ ಕಡೆಯೋಳು. ಮದುವೆಗೆ ಮುಂಚೆ ಚನ್ನರಾಯಪಟ್ಟಣಕ್ಕೆ ದಿನಾ ಬಸ್ಸಲ್ಲಿ ಹೋಗಿ ಕಂಪ್ಯೂಟರ್ ಕೋರ್ಸ್ ಮಾಡ್ಕಂಡಿದ್ಲು. ಹೆಣ್ಣು ನೋಡಕ್ಕೆ ಹೋದಾಗ ಸರ್ಟಿಫಿಕೇಟಿಗೆ ಕಟ್ಟು ಹಾಕ್ಸಿ ಗೋಡೆಗೆ ನೇತಾಕಿದ್ರು. "ಕಂಪ್ಯೂಟರ್ ಕಲ್ತಿರೋ ಹುಡುಗಿ" ಅಂತ ಊರಿಗೆಲ್ಲಾ ಹೇಳ್ಕಂಡು ಕರ್ಕೊಂಡು ಬಂದ್ವಿ. ಬಂದ ಮಾರನೇ ದಿನ ಚಟ್ನಿ ರುಬ್ಬಕ್ಕೆ ಹಾಕಿದ್ವಿ. ಹಾಕಿದೋಳು ನಾನೇ. ಹದಿನೈದು ವರ್ಷ ಆದ್ಮೇಲೆ, ನಾನು ಆಟ ಇಲ್ದೆ ಸಪ್ಪಗೆ ಕೂತಿರೋದು ನೋಡಿ, ಒಂದು ಮಧ್ಯಾಹ್ನ ಅವಳು ಪಕ್ಕ ಬಂದು ಮೆಲ್ಲಗೆ ಅಂದ್ಲು: "ಅತ್ತೆ, ಕಂಪ್ಯೂಟರ್ ಒಳಗೆ ಆಪರೇಟಿಂಗ್ ಸಿಸ್ಟಮ್ ಅಂತ ಒಂದಿರ್ತದೆ. ಮನೆ ಯಜಮಾನ ಇದ್ದಂಗೆ. ನಿಮ್ ಮಗ ಬೀಗ ಹಾಕಿರೋದು ಆ ಯಜಮಾನಂಗೆ. ಅವನ ತಂಟೆಗೇ ಹೋಗೋದ್ ಬೇಡ. ಪಕ್ಕದಲ್ಲೇ ಇನ್ನೊಬ್ಬ ಯಜಮಾನನ್ನ ಕೂರ್ಸಣ."

"ಇಬ್ರೂ ಕಿತ್ತಾಡಲ್ವೇನೇ?"

"ಇಬ್ರೂ ಒಟ್ಟಿಗೆ ಏಳೋದೇ ಇಲ್ಲ ಅತ್ತೆ. ಒಬ್ಬ ಎದ್ದಿದ್ರೆ ಇನ್ನೊಬ್ಬ ಮಲಗಿರ್ತಾನೆ."

ನಾನು ಕೆನ್ನೆ ಮೇಲೆ ಕೈ ಇಟ್ಕಂಡೆ. ನಲವತ್ತು ವರ್ಷ ಒಬ್ಬನೇ ಯಜಮಾನನ ಜೊತೆ ಏಗಿದೋಳು ನಾನು. ನಮ್ಮೋರು ಗೊರೂರಲ್ಲಿ ನಾಲೆಗೆ ನೀರು ಬಿಡೋ ಕೆಲ್ಸದಲ್ಲಿದ್ರು. ಇಡೀ ತಾಲ್ಲೂಕಿಗೆ ನೀರು ಬಿಡೋರು, ಮನೆಗೆ ಬಂದು ಎರಡು ಮಾತು ಬಿಡ್ತಿರಲಿಲ್ಲ. ಇಂಥಾ ಅನುಕೂಲ ಆಗ್ಲೇ ಬಂದಿದ್ರೆ ಅಂತ ಒಂದು ಗಳಿಗೆ ಅನ್ನಿಸ್ತು. ದೇವ್ರು ಕ್ಷಮಿಸ್ಲಿ.

ರಾಜ ಹಾಸನಕ್ಕೆ ಹೋದ ದಿನ ಪಂಕಜ ಕೆಲ್ಸ ಶುರು ಮಾಡಿದ್ಲು. ಮೊದ್ಲು ಗಂಡನ ಕಾಗದ ಪತ್ರ ಎಲ್ಲಾ ಬೇರೆ ಕಡೆ ಜೋಪಾನ ಮಾಡಿ ಇಟ್ಲು. ಆಮೇಲೆ ಒಂದು ಪೆನ್ ಡ್ರೈವ್ ಚುಚ್ಚಿ ಟಕಟಕ ಕುಟ್ಟಿದ್ಲು. ಅವಳ ಬೆರಳು ಹಂಗೆ ಓಡೋದನ್ನ ನಾನು ಅವತ್ತೇ ನೋಡಿದ್ದು. ಮಧ್ಯದಲ್ಲಿ ಹೊಸ ಯಜಮಾನಂಗೆ ಎಷ್ಟು ಜಾಗ ಕೊಡ್ಬೇಕು ಅಂತ ಯಂತ್ರ ಕೇಳ್ತಂತೆ. "ಅರ್ಧ ಕೊಡು" ಅಂದೆ. "ಅಯ್ಯೋ, ನಿಮ್ ಮಗಂಗೆ ಜಾಗ ಬೇಡ್ವಾ?" ಅಂದ್ಲು. "ಅವಂದೆಲ್ಲಾ ಬರೀ ಕಾಗದ ಕಣೇ. ನಮ್ದು ವ್ಯವಸಾಯ" ಅಂದೆ. ಕೊನೆಗೆ ಕಾಲು ಭಾಗಕ್ಕೆ ಒಪ್ಕಂಡ್ವಿ.

ವ್ಯವಸಾಯ ಅಂದ್ನಲ್ಲ, ಅದೇ ನಮ್ಮ ಆಟ, ರಾಜ ಹೊರಗೆ ಹೋದಾಗೆಲ್ಲಾ. ಒಂದು ಗದ್ದೆ, ಒಂದು ತರಕಾರಿ ಮಡಿ, ಒಂದು ನೀರಿನ ಕಟ್ಟೆ, ಎಂಟು ಕೋಳಿ. ನನ್ನ ಮಂಡಿ ಕೆಳಕ್ಕೆ ಬಗ್ಗಕ್ಕೆ ಬಿಡಲ್ಲ, ಆದ್ರೆ ಅಲ್ಲಿ ಬೆರಳಲ್ಲೇ ನಾಟಿ. ಬಿತ್ತಿದ್ದು ಮೂರೇ ದಿನಕ್ಕೆ ಬರ್ತದೆ. ಕರೆಂಟ್ ಹೋಗಿ ಮೋಟರ್ ನಿಲ್ಲಲ್ಲ, ಹಂದಿ ನುಗ್ಗಲ್ಲ, ವ್ಯಾಪಾರಿ ಬಂದು ತೆಂಗಿನಕಾಯಿ ತಟ್ಟಿ ತಟ್ಟಿ ಮೂತಿ ಸಿಂಡರಿಸಲ್ಲ. ನಿಜವಾದ ವ್ಯವಸಾಯ ಮಾಡ್ದೋರು ಯಾರೂ ಅದನ್ನ ನಂಬಲ್ಲ. ನಾನೂ ನಂಬಲ್ಲ, ಸುಮ್ನೆ ದಿನಾ ನೀರು ಹಾಯಿಸ್ತೀನಿ.

ಒಂದೇ ಒಂದು ತೊಡಕಿತ್ತು. ಕಂಪ್ಯೂಟರ್ ಒತ್ತಿದ್ ತಕ್ಷಣ ಇಬ್ರು ಯಜಮಾನರ ಹೆಸ್ರೂ ಒಂದರ ಕೆಳಗೆ ಒಂದು ಬರ್ತದೆ. ಹತ್ತು ಎಣಿಸೋದ್ರೊಳಗೆ ಯಾರೂ ಏನೂ ಮುಟ್ಲಿಲ್ಲ ಅಂದ್ರೆ ಮೇಲಿನೋನು ಏಳ್ತಾನೆ. ಮೇಲಿನೋನು ನಮ್ಮೋನು. ಎದ್ರೆ ನೆಟ್ಟಗೆ ನನ್ನ ಗದ್ದೇಲೇ ಏಳೋ ಹಂಗೆ ಪಂಕಜ ಮಾಡಿದ್ಲು, ನಂಗೆ ಹುಡ್ಕಕ್ಕೆ ಬರಲ್ಲ ಅಂತ. ಮೇಲೆ ಕೆಳಗೆ ಅದಲು ಬದಲು ಮಾಡಬೋದಂತೆ, "ನಾಳೆ ಮಾಡ್ತೀನಿ" ಅಂತ ನಾಲ್ಕು ತಿಂಗ್ಳು ಅಂದ್ಲು. ಅಲ್ಲೀವರ್ಗೂ ದಿನಾ ಬೆಳಗ್ಗೆ ಕಂಪ್ಯೂಟರಿಗೆ ಹೂವು ಇಡೋ ನೆಪದಲ್ಲಿ ಒಳಗೆ ಹೋಗಿ, ಗುಂಡಿ ಒತ್ತಿ, ಕೆಳಗಿನ ಹೆಸರು ಆರ್ಸಿ ಬರ್ತಿದ್ಲು. "ನನ್ ಕೆಲ್ಸದ ಮೇಲೆ ನನ್ ಹೆಂಡ್ತಿಗೆ ಎಷ್ಟು ಭಕ್ತಿ ನೋಡಮ್ಮ" ಅಂತ ರಾಜ ಕಣ್ಣಲ್ಲಿ ನೀರು ತಂದ್ಕಂಡಿದ್ದ.

ಹೋದ ತಿಂಗ್ಳು ಅವಳ ತಂಗಿ ಸೀಮಂತ ಬಂತು. "ಅತ್ತೆ, ಒತ್ತಿ, ಕೆಳಗಿನ ಬಾಣದ ಗುರ್ತು ಒಂದ್ಸಲ, ಆಮೇಲೆ ದೊಡ್ಡ ಗುಂಡಿ. ಅಷ್ಟೇ" ಅಂತ ಮೂರು ಸಲ ಹೇಳ್ಕೊಟ್ಟು ಹಿರೀಸಾವೆಗೆ ಹೋದ್ಲು. ಅವತ್ತೇ ಅರಕಲಗೂಡು ಕಡೆಯಿಂದ ಅಣ್ಣತಮ್ಮಂದಿರು ಜಮೀನು ಪಾಲಿನ ವಿಭಾಗ ಪತ್ರಕ್ಕೆ ಬಂದಿದ್ರು. ಅಣ್ಣ ಪುಟ್ಟಸ್ವಾಮಿ, ತಮ್ಮ ಲೋಕೇಶ, ಜೊತೆಗೆ ಅವರ ತಾಯಿ ಕಾಳಮ್ಮ. ಆರು ವರ್ಷದಿಂದ ಇಬ್ರಿಗೂ ಮಾತಿಲ್ಲ. ಊರೋರೆಲ್ಲಾ ಕೂತು ಹೇಳಿ ಹೇಳಿ ಅವತ್ತು ಒಪ್ಪಿದ್ರು. ನಾನು ಹೂವು ತಗಂಡು ಒಳಗೆ ಹೋಗಿ ಗುಂಡಿ ಒತ್ತಿದೆ. ಬೆಂಚಲ್ಲಿ ಕೂತಿದ್ದ ಕಾಳಮ್ಮ ನನ್ ಕಡೆ ನೋಡಿ, "ಇವತ್ತು ಸೈನು ಬಿದ್ರೆ ಇಬ್ರೂ ನಮ್ಮನೇಲಿ ಒಟ್ಟಿಗೆ ಉಣ್ತೀವಿ ಅಂದವ್ರೆ ಕಣವ್ವ. ಅವರೆಕಾಳು ನೆನೆಯಾಕೆ ಆಕಿ ಬಂದಿವ್ನಿ" ಅಂದ್ಲು. ಅಂಥಾ ಮಾತು ಕೇಳಿ "ನಿಮ್ ತವರು ಯಾವೂರವ್ವ?" ಅಂತ ಕೇಳ್ದೆ ಇರಕ್ಕಾಗ್ತದಾ? ಆಕೆ ಅತ್ತಿಗೆ ನಮ್ಮ ಚಿಕ್ಕಮ್ಮನ ಊರೋಳು ಅಂತ ಗೊತ್ತಾಗೋ ಹೊತ್ತಿಗೆ ಹತ್ತಲ್ಲ, ನೂರು ಎಣಿಸಿ ಆಗಿತ್ತು. ಹತ್ತು ಎಣಿಸೋದ್ರೊಳಗೆ ನಮ್ಮ ಕಡೆ "ಊಟ ಆಯ್ತಾ" ಅಂತ ಕೇಳಕ್ಕೂ ಆಗಲ್ಲ.

ಕೊಕ್ಕೊಕ್ಕೋ ಅಂತ ಕೋಳಿ ಕೂಗ್ತು. ಊದುಕಡ್ಡಿ ಹಿಡ್ಕಂಡು ಬಂದ ರಾಜ ಬಾಗ್ಲಲ್ಲೇ ನಿಂತ್ಬಿಟ್ಟ. ಪುಟ್ಟಸ್ವಾಮಿ ಕತ್ತು ಚಾಚಿ, "ಸಾ, ಇದು ನಮ್ ಜಮೀನೇನ್ ಸಾ? ಡ್ರೋನ್ ಆರ್ಸಿ ತಗ್ದಿರಾದಾ?" ಅಂದ. ಪತ್ರ ಬರೆಯೋರು "ಗೊತ್ತಿಲ್ಲ" ಅಂತ ಬಾಯಿ ಬಿಟ್ಟು ಹೇಳಿದ್ದು ಈ ಭೂಮಿ ಮೇಲೆ ಇಲ್ಲ. ನನ್ನ ಮಗ, "ಹ್ಞೂ... ಒಂಚೂರು ತಡೀರಿ" ಅಂದ್ಬಿಟ್ಟ. ಕೆಟ್ಟಿದ್ದು ಅಲ್ಲೇ.

"ಲೋ ಲೋಕೇಸ, ಈ ಕಟ್ಟೆ ಯಾವಾಗ ತೋಡ್ಸ್ದೆ? ನಂಗೊಂದ್ ಮಾತ್ ಏಳ್ದಂಗೆ?"

"ನಾನೆಲ್ಲಿ ತೋಡ್ಸ್ದೆ? ನೀನೇ ತೋಡ್ಸಿ ನಿನ್ ಪಾಲಿಗ್ ಆಕಂಡಿದ್ದೀಯ! ಅಲ್ಲಾ, ಎಂಟ್ ಕೋಳಿ ಅವೆ, ಒಂದಾದ್ರೂ ನನ್ ಕಡಿಕೆ ಐತಾ ನೋಡ್ಲಾ!"

"ಯಾರ್ಗ್ಲಾ ಲಾ ಅಂತೀಯ?"

ಪುಟ್ಟಸ್ವಾಮಿ ಟವಲು ಕೊಡವಿ ಹೆಗಲಿಗೆ ಹಾಕ್ಕಂಡ. "ನಡಿಯವ್ವ, ಸೈನೂ ಬ್ಯಾಡ ಗೀನೂ ಬ್ಯಾಡ." ಕಾಳಮ್ಮ ನನ್ನ ಕೈ ಹಿಡ್ಕಂಡ್ಲು. ನಾನು ಸುಮ್ನೆ ಇದ್ದಿದ್ರೆ ಆಗ್ತಿತ್ತು. ರಾಜ ವೈರಸ್ಸು ಅಂತಿದ್ದ, ಯಾರನ್ನೋ ಕರೆಸ್ತಿದ್ದ, ನಮ್ಮ ಗುಟ್ಟು ಗುಟ್ಟಾಗೇ ಇರ್ತಿತ್ತು. ಆದ್ರೆ ಮನೇಲಿ ನೆನೀತಿದ್ದ ಆ ಕಾಳು ಕಣ್ಮುಂದೆ ಬಂತಲ್ಲ.

"ಅದು ನನ್ ಗದ್ದೆ ಕಣ್ರಪ್ಪೋ!" ಅಂದೆ.

"ಅಮ್ಮಾ?" ಅಂದ ರಾಜ. ಊದುಕಡ್ಡಿ ಬೂದಿ ಅವನ ಕಾಲ ಮೇಲೆ ಬಿತ್ತು.

ಅವನ ಕುರ್ಚೀಲಿ ಕೂತು ಮೌಸ್ ಹಿಡಿದು ಮಡಿಗೆ ನೀರು ಬಿಟ್ಟು ತೋರ್ಸ್ದೆ. ಒಂದು ಕುಂಬಳಕಾಯಿ ಕಿತ್ತೆ. ಒಂದು ಕೋಳೀನ ಎತ್ತಿ ಆ ಕಡೆಯಿಂದ ಈ ಕಡೆಗೆ ಇಟ್ಟೆ. "ಎಂಟೂ ನನ್ವೇ. ಆಟದ್ದು. ಇಲ್ದಿರೋ ಕೋಳಿಗೋಸ್ಕರ ಇರೋ ಅಣ್ಣತಮ್ಮನ್ನ ಕಳ್ಕಂತೀರಾ? ಬುದ್ಧಿ ಬೇಡ್ವಾ?" ಅಂತ ದೊಡ್ಡದಾಗಿ ಬೈದೆ. ಲೋಕೇಶ ಮೊದ್ಲು ನಕ್ಕ. "ಅಜ್ಜೀ, ನಮ್ಮಣ್ಣ ಅಂಗೇಯ, ಚಿತ್ರದ್ ಕಟ್ಟೇಗೂ ಜಗಳ ತಗೀತನೆ" ಅಂದ. "ಕೋಳಿ ಎಣ್ಸ್ದೋನು ನೀನ್ ಕಣ್ಲಾ" ಅಂತ ಪುಟ್ಟಸ್ವಾಮಿನೂ ನಕ್ಕ. ಆರು ವರ್ಷಕ್ಕೆ ಅದೇ ಮೊದಲ ನಗು ಅಂತೆ. ರಾಜನ ಯಜಮಾನನ್ನ ಎಬ್ಸಿ ಪತ್ರ ತೆಗೆದ್ವಿ, ಸೈನು ಬಿತ್ತು. ಕಾಳಮ್ಮ "ಕಾಳು ಬೇಯಾಕೆ ಒತ್ತಾಯ್ತದೆ, ಏಳ್ರಲಾ" ಅಂತ ಇಬ್ರನ್ನೂ ಎಬ್ಬಿಸ್ಕಂಡು ಹೋದ್ಲು.

ರಾಜ ಬೈಯಲಿಲ್ಲ. "ಹಂಗಾದ್ರೆ ಆ ಹೂವು?" ಅಂತ ಒಂದೇ ಮಾತು ಕೇಳ್ದ. ನಾನು ಸೂರು ನೋಡ್ದೆ. ಅವನ ಯಜಮಾನನ್ನ ಮೇಲಕ್ಕೆ, ನಮ್ಮೋನನ್ನ ಕೆಳಕ್ಕೆ ಹಾಕ್ಬೇಕು, ಮಧ್ಯಾಹ್ನ ಮಾತ್ರ ಆಡ್ಬೇಕು ಅಂತ ಅಪ್ಪಣೆ ಆಯ್ತು. ಪಂಕಜ ಬಂದು ಹಂಗೇ ಮಾಡಿದ್ಲು. ಎಲ್ಲಾ ಸುಖವಾಗಿತ್ತು.

ಹೋದ ವಾರ ಗದ್ದೆ ತೆಗೆದು ನೋಡ್ತೀನಿ, ನನ್ನ ಕುಂಬಳದ ಮಡಿ ಇಲ್ಲ! ಪಂಕಜ ಅಷ್ಟನ್ನೂ ಕಿತ್ತು ಗುಲಾಬಿ ಹಾಕವ್ಳೆ. "ಯಾರನ್ನ ಕೇಳಿ ಕಿತ್ತೆ?" ಅಂದೆ. "ಅತ್ತೆ, ಇಷ್ಟೆಲ್ಲಾ ಕೂರ್ಸಿದ್ದು ನಾನು. ನಂಗೊಂದು ಮಡಿ ಇಲ್ವಾ?" ಅಂದ್ಲು. ಎರಡು ದಿನ ಮಾತಾಡ್ಲಿಲ್ಲ. ನನ್ನ ಕಾಫಿ ನಾನೇ ಮಾಡ್ಕಂಡೆ. ಮೂರನೇ ದಿನ ಬೆಳಗ್ಗೆ ಮುಂದಿನ ರೂಮಿಗೆ ಹೋಗಿ, ಪಾರ್ಟಿಗಳು ಕೂರೋ ಬೆಂಚಲ್ಲಿ ಕೂತು, "ನೋಡಪ್ಪ ರಾಜ, ನನ್ ಪಾಲು ನಂಗೆ ಬೇರೆ ಮಾಡ್ಕೊಡು. ಕಟ್ಟೆ ನನ್ ಕಡೆಗೇ ಬರ್ಬೇಕು" ಅಂದೆ.

ರಾಜ ಫೋನಿಂದ ತಲೆ ಎತ್ಲಿಲ್ಲ. "ಆಧಾರ್ ಕಾರ್ಡು, ಇಬ್ರು ಸಾಕ್ಷಿ ತಗಂಡು ಹನ್ನೊಂದು ಗಂಟೆ ಮೇಲೆ ಬಾರಮ್ಮ" ಅಂದ.

ಒಳಗೆ ಬಂದು ಬೀರು ತೆಗೆದು, ಸೀರೆ ಮಧ್ಯೆ ಕೈ ಹಾಕಿ ಹುಡುಕ್ತಿರೋವಾಗ್ಲೇ ನಂಗೆ ನಾಚ್ಕೆ ಆಗಿದ್ದು. ಆದ್ರೂ ಕಾರ್ಡು ಕೈಗೆ ಸಿಕ್ತಲ್ಲ, ಹುಡುಕಿದ್ದು ಹುಡುಕಿದೆ ಅಂತ ತಗಂಡೇ ಬಂದೆ.