ತಕ್ಕಡಿ ಸಾಹೇಬರ ಐದನೆಯ ಚಕ್ರ

ಎಲ್ಲ ಅನಾಹುತಕ್ಕೂ ಮೂಲ ಎದುರುಮನೆಯ ದರ್ಜಿ. ಆ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತ ಗೇಟಿಗೆ ಬಂದ ಮನುಷ್ಯ ಬಾಯಿ ಮುಕ್ಕಳಿಸಿ ಒಳಗೆ ಹೋಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಹೋಗಲಿಲ್ಲ ಪುಣ್ಯಾತ್ಮ. ಬ್ರಷ್ಷನ್ನು ದವಡೆಗೆ ಒತ್ತಿಕೊಂಡೇ ರಸ್ತೆ ದಾಟಿ ಬಂದ.

"ಸಾಹೇಬ್ರೇ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು."

ಹೀಗೆ ಶುರುವಾದ ಮಾತು ಒಳ್ಳೆಯದರಲ್ಲಿ ಮುಗಿದದ್ದನ್ನು ನಾನಂತೂ ಕೇಳಿಲ್ಲ. ಸಾಹೇಬರು ತಮ್ಮ ಕೆಂಪು ಸ್ಪೋರ್ಟ್ಸ್ ಕಾರನ್ನು ಹತ್ತಿಬಟ್ಟೆಯಿಂದ ಒರೆಸುತ್ತಿದ್ದವರು ತಲೆ ಎತ್ತದೆ "ಹೇಳಿ" ಎಂದರು.

"ಕಾರು ರಾಜನ ಹಾಗಿದೆ. ಚಕ್ರ ಮಾತ್ರ ತೀರಾ ಚಿಕ್ಕದಾಯ್ತು. ಆರಡಿ ಆಳಿಗೆ ಮೊಣಕಾಲವರೆಗೆ ಪ್ಯಾಂಟು ಹೊಲಿದ ಹಾಗೆ. ನೋಡಿ, ಮೇಲೆ ಎಷ್ಟು ಜಾಗ ಖಾಲಿ!" ಎಂದು ಟೈರಿಗೂ ಬಾಡಿಗೂ ನಡುವೆ ನಾಲ್ಕು ಬೆರಳು ತೂರಿಸಿ ತೋರಿಸಿಯೇ ಬಿಟ್ಟ.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಏಳು ವರ್ಷದಿಂದ ಕಾಣದೇ ಇದ್ದದ್ದು ಈಗ ಕಂಡಿತು. ಕಂಡ ಮೇಲೆ ಬೇರೇನೂ ಕಾಣಲಿಲ್ಲ.

ಈ ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಊರಿನ ಪ್ರತಿಯೊಂದು ತಕ್ಕಡಿ, ಮೀಟರು, ಅಳತೆಪಟ್ಟಿಯ ಮೇಲೂ ವರ್ಷಕ್ಕೊಮ್ಮೆ ಅವರ ಮುದ್ರೆ ಬೀಳಬೇಕು. ಹಾಗಾಗಿ ಊರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎನ್ನುತ್ತಿತ್ತು, ಎದುರಿಗೆ ಭಯದಿಂದ, ಹಿಂದಿನಿಂದ ನಕ್ಕು. ಒಮ್ಮೆ ಬೇಕರಿಯವನ ಅಂಗಡಿಯನ್ನು ಅವರು ನಾಲ್ಕು ದಿನ ಮುಚ್ಚಿಸಿದ್ದರು. ತಕ್ಕಡಿ ಕೂದಲೆಳೆಯಷ್ಟೂ ತಪ್ಪು ತೋರಿಸುತ್ತಿರಲಿಲ್ಲ. ಆ ವರ್ಷದ ಮುದ್ರೆ ಬಿದ್ದಿರಲಿಲ್ಲ, ಅಷ್ಟೇ. ಬೇಕರಿಯವನು ಎಷ್ಟು ಬೇಡಿಕೊಂಡರೂ ಸಾಹೇಬರದು ಒಂದೇ ಮಾತು: "ಸರಿ ಇದ್ರೆ ಸಾಲದಪ್ಪಾ, ಮುದ್ರೆ ಇರ್ಬೇಕು."

ಆ ಬೇಕರಿಯವನೇ ಸಾಹೇಬರ ನಿದ್ದೆ ಕೆಡಿಸಿದವನು. ಊರಿನ ಕಾರ್ ಕ್ಲಬ್ಬು ವರ್ಷಕ್ಕೊಮ್ಮೆ ಹಳೇ ಕಲ್ಲುಕ್ವಾರಿಯ ಗುಡ್ಡದ ರಸ್ತೆಯಲ್ಲಿ ಓಟ ಏರ್ಪಡಿಸುತ್ತದೆ. ಒಬ್ಬೊಬ್ಬರಾಗಿ ಗುಡ್ಡ ಹತ್ತಬೇಕು, ಕಡಿಮೆ ಹೊತ್ತಿನಲ್ಲಿ ಹತ್ತಿದವನಿಗೆ ಕಪ್. ಮೂರು ವರ್ಷದಿಂದ ಆ ಕಪ್ ಬೇಕರಿಯ ಗಾಜಿನ ಬೀರುವಿನಲ್ಲಿ ಬನ್ನುಗಳ ನಡುವೆ ಕೂತಿತ್ತು. ಅವನದು ರಸ್ಕಿನ ಡಬ್ಬಿಯಂಥ ಹಳೇ ಕಾರು. ಹೋದ ವರ್ಷ ಸಾಹೇಬರು ಸೋತದ್ದು ಮುಕ್ಕಾಲು ಸೆಕೆಂಡಿನಿಂದ. ಸೋಲಿಸಿದ್ದು ಸಾಲದೆಂದು ಪ್ರತಿ ವರ್ಷವೂ ಬಂದು, "ಮಾರೋ ಯೋಚನೆ ಇದ್ರೆ ಮೊದಲು ನನಗೇ ಹೇಳಿ ಸಾರ್" ಎಂದು ಕಾರಿನ ಬೆನ್ನು ಸವರಿ ಹೋಗುತ್ತಿದ್ದ. ಸಾಹೇಬರಿಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷದ ಸಂಗತಿ ಇನ್ನೂ ಬಿಗಿಯಾಗಿತ್ತು. ಹೆಂಡತಿ ತಿಂಗಳ ಹಿಂದೆಯೇ ತೀರ್ಪು ಕೊಟ್ಟಿದ್ದರು.

"ರೀ, ನಾಲ್ಕು ಜನರ ಸಂಸಾರಕ್ಕೆ ಎರಡು ಸೀಟಿನ ಕಾರು. ಒಂದು ಮದುವೆಗೆ ಹೋಗ್ಬೇಕಾದ್ರೂ ಎರಡು ಟ್ರಿಪ್ಪು. ಎರಡನೇ ಟ್ರಿಪ್ಪಿನವರು ಬರೋ ಹೊತ್ತಿಗೆ ಊಟಾನೇ ಮುಗಿದಿರತ್ತೆ. ಈ ಸಲ ಕಪ್ಪಾದ್ರೂ ಮನೆಗೆ ಬರ್ಬೇಕು, ಇಲ್ಲಾ ಕಾರಾದ್ರೂ ಮನೆಯಿಂದ ಹೋಗ್ಬೇಕು. ಆಡಿದ ಮಾತಿಗೆ ತಪ್ಪಬಾರದು."

ಸಾಹೇಬರು ಮಕ್ಕಳಿಬ್ಬರ ಎದುರಿಗೇ ಮಾತು ಕೊಟ್ಟಿದ್ದರು. ದರ್ಜಿ ತನ್ನ ಕಿಟಕಿಯಲ್ಲಿ ಗುಂಡಿ ಹೊಲಿಯುತ್ತ ಅದನ್ನು ಪೂರ್ತಿ ಕೇಳಿಸಿಕೊಂಡು, ಸಂಜೆಯೊಳಗೆ ಬೀದಿಗೆಲ್ಲ ಹಂಚಿದ್ದ.

ಇಷ್ಟೆಲ್ಲ ತಲೆಯ ಮೇಲಿದ್ದರೂ, ಓಟದ ದಿನವೇ ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬರು ಟೈರ್ ಅಂಗಡಿಯಲ್ಲಿದ್ದರು. "ಗೆಲ್ಲೋದೇ ನಿಶ್ಚಯ ಅಂದ್ಮೇಲೆ ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕಲ್ಲ" ಎಂಬುದು ಅವರ ವಾದ. ಗೋಡೆಯ ಮೇಲೆ ಹದಿನೆಂಟು ಇಂಚಿನ ಚಕ್ರಗಳು ಫಳಫಳ ಹೊಳೆಯುತ್ತಿದ್ದವು. ಅಂಗಡಿಯವನು ಹಳೆಯ ಹದಿನೈದಿಂಚಿನ ನಾಲ್ಕನ್ನು ಬದಲಿಗೆ ಇಟ್ಟುಕೊಂಡು ಹೊಸವನ್ನು ಹಾಕಿಕೊಟ್ಟ. ಕಾರು ಕೆಳಗಿಳಿದಾಗ ಅಂಗಡಿಯ ಮುಂದೆ ಹೋಗುತ್ತಿದ್ದವರೆಲ್ಲ ನಿಂತರು. ಖಾಲಿ ಜಾಗ ತುಂಬಿ, ಕಾರು ಎದೆಯುಬ್ಬಿಸಿ ನಿಂತ ಪೈಲ್ವಾನನಂತೆ ಕಂಡಿತು. ಸಾಹೇಬರ ಕಣ್ಣಲ್ಲಿ ನೀರೇ ಬಂತು. ಊರಿನ ಪ್ರತಿ ತೂಕದ ಕಲ್ಲನ್ನೂ ತೂಗಿ ನೋಡುವ ಆ ಮನುಷ್ಯನಿಗೆ, ಈ ಚಕ್ರದ ತೂಕವೆಷ್ಟು ಎಂದು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಮೊದಲ ಸಿಗ್ನಲ್ಲಿನಲ್ಲೇ ಏನೋ ಎಡವಟ್ಟಾಗಿದೆ ಎನಿಸಿತು. ಹಸಿರು ಬಿತ್ತು, ಸಾಹೇಬರು ಆಕ್ಸಿಲರೇಟರ್ ಒತ್ತಿದರು, ಇಂಜಿನ್ನು ಕಿರುಚಿತು, ಕಾರು ಮಾತ್ರ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮಕ್ಕಳ ಹಾಗೆ ಮೈಮುರಿದುಕೊಂಡು ಹೊರಟಿತು. ಪಕ್ಕದಲ್ಲಿದ್ದ ಹಾಲಿನ ವ್ಯಾನು ಮುಂದೆ ಹೋಯಿತು. ತಿರುವಿನಲ್ಲಿ ಟೈರು ಎಲ್ಲಿಗೋ ಉಜ್ಜಿ ಕರ್ರ್ ಎಂದಿತು. ಸಣ್ಣ ಗುಂಡಿಯೊಂದು ಸಿಕ್ಕಿದ್ದಕ್ಕೆ ಸಾಹೇಬರ ಹಲ್ಲುಗಳು ಒಂದಕ್ಕೊಂದು ಬಡಿದವು. ಬ್ರೇಕ್ ಹಾಕಿದರೆ ನಿಲ್ಲಬೇಕಾದ ಗೆರೆ ದಾಟಿ ನಿಂತಿತು.

ಮುಂದಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ.

"ಸಾರ್, ಇಲ್ಲಿ ಐವತ್ತರ ಮೇಲೆ ಹೋಗೋ ಹಾಗಿಲ್ಲ."

"ಸರಿಯಾಗಿ ಐವತ್ತರಲ್ಲೇ ಬಂದಿದ್ದೀನಿ. ಮೀಟರ್ ನೋಡ್ಕೊಂಡೇ ಓಡಿಸೋನು ನಾನು."

"ನನ್ನ ಮಿಷನ್ನು ಐವತ್ತಾರು ಅಂತಿದೆ."

ಸಾಹೇಬರ ಹುಬ್ಬು ಮೇಲೇರಿತು. "ನಿಮ್ಮ ಮಿಷನ್ನಿಗೆ ಈ ವರ್ಷದ ಮುದ್ರೆ ಬಿದ್ದಿದೆಯೇನ್ರೀ? ತೋರಿಸಿ."

ಪೊಲೀಸಿನವನು ಸಾವಧಾನವಾಗಿ ಮಿಷನ್ನು ತಿರುಗಿಸಿ ತೋರಿಸಿದ. ಮುದ್ರೆ ಇತ್ತು. ಪಕ್ಕದಲ್ಲಿ ಸಾಹೇಬರದೇ ರುಜು ಇತ್ತು.

"ನೀವೇ ಹಾಕ್ಕೊಟ್ಟಿದ್ದು ಸಾರ್, ಹೋದ ತಿಂಗಳು." ಅವನು ಬಗ್ಗಿ ಚಕ್ರ ನೋಡಿದ. "ಓಹೋ, ದೊಡ್ಡದು ಹಾಕ್ಸಿದ್ದೀರಾ! ಒಂದು ಸುತ್ತಿಗೆ ಮೊದಲಿಗಿಂತ ಜಾಸ್ತಿ ದೂರ ಹೋಗತ್ತೆ. ಪಾಪ, ಮೀಟರಿಗೆ ಅದು ಹೇಗೆ ಗೊತ್ತಾಗ್ಬೇಕು? ಕಮ್ಮಿ ತೋರಿಸ್ತಿದೆ. ತಪ್ಪು ಅಳತೆ ಸಾರ್. ತಪ್ಪು ಅಳತೆ ಇಟ್ಕೊಂಡು ಓಡಾಡೋದು..." ಎಂದು ಅವನು ಅರ್ಧ ಗಂಟೆ ಬುದ್ಧಿ ಹೇಳಿದ. ಅವನಮ್ಮನ ತರಕಾರಿ ತಕ್ಕಡಿಯನ್ನು ಸಾಹೇಬರು ಎಂದೋ ಎತ್ತಿಕೊಂಡು ಹೋಗಿದ್ದರಂತೆ.

ಸಾಹೇಬರು ನೇರ ಕಚೇರಿಗೆ ಬಂದು, ಜಾಕ್ ಏರಿಸಿ, ಬೆವರಿಳಿಸಿಕೊಂಡು ಒಂದು ಹೊಸ ಚಕ್ರವನ್ನು ಬಿಚ್ಚಿದರು. ಮೇಜಿನ ಮೇಲೆ ರಾಶಿ ಬಿದ್ದಿದ್ದ ಕಡತ, ಡಬ್ಬಿಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ, ಇಲಾಖೆಯ ದೊಡ್ಡ ತಕ್ಕಡಿಯನ್ನಿಟ್ಟು ಚಕ್ರ ತೂಗಿದರು. ಇಪ್ಪತ್ತಮೂರು ಕಿಲೋ. ಡಿಕ್ಕಿಯಲ್ಲಿ ಹಳೇ ಅಳತೆಯದೇ ಒಂದು ಸ್ಟೆಪ್ನಿ ಇತ್ತು. ಅದನ್ನೂ ತೂಗಿದರು. ಹದಿನಾಲ್ಕು. ಒಂದಕ್ಕೆ ಒಂಬತ್ತು, ನಾಲ್ಕಕ್ಕೆ ಮೂವತ್ತಾರು.

ಅದೇ ಹೊತ್ತಿಗೆ ಕಾರ್ ಕ್ಲಬ್ಬಿನ ಕಾರ್ಯದರ್ಶಿ ಬಾಗಿಲಲ್ಲಿ ಇಣುಕಿದರು. "ಸಾಹೇಬ್ರೇ, ಓಟದ ಸ್ಟಾಪ್‌ವಾಚು... ಸೋಮವಾರ ಕೊಟ್ಟಿದ್ದೆ."

"ಮೇಜಿನ ಮೇಲಿದೆ, ತಗೊಂಡ್ಹೋಗಿ ಮಾರಾಯ್ರೇ, ತಲೆ ತಿನ್ಬೇಡಿ" ಎಂದರು ಸಾಹೇಬರು, ಚಕ್ರ ಎತ್ತಿಕೊಂಡು ಹೊರಗೋಡುತ್ತ. ಕಾರ್ಯದರ್ಶಿ ಕಡತಗಳ ಅಡಿಯಿಂದ ನೀಲಿ ಡಬ್ಬಿಯನ್ನು ಹುಡುಕಿ ತೆಗೆದುಕೊಂಡು ಹೋದರು.

ಟೈರ್ ಅಂಗಡಿಯವನು ಕೈ ಚೆಲ್ಲಿದ. "ಹಳೇ ಚಕ್ರಾನಾ? ನೀವು ಹೋದ ಹತ್ತೇ ನಿಮಿಷಕ್ಕೆ ಬೇಕರಿಯವರು ಬಂದು ನಾಲ್ಕೂ ತಗೊಂಡ್ಹೋದ್ರಲ್ಲ."

"ಭಾರ ಅಂತ ಬೆಳಿಗ್ಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನೀವು ಚೆಂದ ಕೇಳಿದ್ರಿ, ಚೆಂದ ಕೊಟ್ಟೆ. ಓಟ ಕೇಳಿದ್ರಾ? ಬೆನ್ನಿಗೆ ಒಂದು ಚೀಲ ಹಾಕ್ಕೊಂಡು ಓಡ್ಬಹುದು ಸಾರ್. ಅದೇ ಭಾರ ಬೂಟಿನಲ್ಲಿದ್ರೆ ಓಡಿ ನೋಡಿ! ಚಕ್ರದ ಭಾರ ಸುಮ್ಮನೆ ಕೂರಲ್ಲ, ಅದನ್ನ ಮುಂದಕ್ಕೂ ಒಯ್ಯಬೇಕು, ಗರಗರ ತಿರುಗಿಸಲೂಬೇಕು. ಒಂದು ಸಮಾಧಾನ ಏನಂದ್ರೆ ಟೈರು ಅಗಲ. ತಿರುವಿನಲ್ಲಿ ಜಿಗಣೆ ಹಾಗೆ ಹಿಡ್ಕೊಳ್ಳತ್ತೆ."

ಹೊರಗೆ ಬಂದ ಸಾಹೇಬರು ಲೆಕ್ಕ ಹಾಕಿದರು. ಬೇಕರಿಯ ನರಿ ತಮ್ಮ ಹಗುರ ಚಕ್ರಗಳನ್ನು ತನ್ನ ಡಬ್ಬಿಗೆ ಹಾಕಿಕೊಂಡು ತಮ್ಮನ್ನೇ ಸೋಲಿಸಲು ಹೊರಟಿದ್ದಾನೆ! ಕೇಳಿದರೆ ಕೊಟ್ಟಾನು. ಆದರೆ ಅವನ ಮುಂದೆ ಹೋಗಿ ಕೈಯೊಡ್ಡುವುದೇ? ಜಪ್ಪಯ್ಯ ಎಂದರೂ ಇಲ್ಲ. "ಮೂವತ್ತಾರು ಕಿಲೋ ತಾನೇ? ಬೇರೆ ಕಡೆಯಿಂದ ತೆಗೆದ್ರಾಯ್ತು" ಎಂದು ಹಲ್ಲು ಕಚ್ಚಿ ಮನೆಗೆ ಬಂದರು.

ಮಧ್ಯಾಹ್ನ ಮನೆಯ ಮುಂದೆ ಸಂತೆಯೇ ನೆರೆಯಿತು. ಸ್ಟೆಪ್ನಿ ಇಳಿದು ವರಾಂಡ ಸೇರಿತು. ಪಕ್ಕದ ಸೀಟು ಕಿತ್ತು ಬಂತು. ರೇಡಿಯೊ, ಮ್ಯಾಟು, ಬಟ್ಟೆಯ ಛಾವಣಿ, ಹಾರ್ನು ಒಂದೊಂದೇ ಹೊರಬಿದ್ದವು. ಪ್ರತಿಯೊಂದನ್ನೂ ಸಾಹೇಬರು ಅಡುಗೆಮನೆಯ ತಕ್ಕಡಿಯಲ್ಲಿ, ಅದು ಹಿಡಿಯದ್ದನ್ನು ಗೋಣಿಚೀಲದ ತಕ್ಕಡಿಯಲ್ಲಿ ತೂಗಿ ಬರೆದುಕೊಂಡರು. ಟೈರು ಉಜ್ಜುತ್ತಿದ್ದ ಒಳಗಿನ ಪ್ಲಾಸ್ಟಿಕ್ಕನ್ನು ದರ್ಜಿ ತನ್ನ ದೊಡ್ಡ ಕತ್ತರಿಯಿಂದ ಕತ್ತರಿಸಿದ. "ಉದ್ದ ಜಾಸ್ತಿ ಆದದ್ದನ್ನ ಕತ್ತರಿಸೋದು ನಮ್ಮ ಕಸುಬೇ ಅಲ್ವಾ" ಎಂದ. ಸಾಹೇಬರು ಅವನತ್ತ ನೋಡಿದ ನೋಟಕ್ಕೆ ಕತ್ತರಿಯೇ ಕರಗಬೇಕಿತ್ತು.

"ಮೂವತ್ತೆಂಟು ಕಿಲೋ!" ಎಂದು ಕೊನೆಗೆ ಸಾಹೇಬರು ಕೂಗಿ, ಇನ್ನೂ ಹಗುರಾಗಲೆಂದು ಬೂಟು ಬಿಚ್ಚಿ, ಕೈಗಡಿಯಾರ ಬಿಚ್ಚಿ, ಬನಿಯನ್ನಿನಲ್ಲಿ ನಿಂತರು.

"ರೀ, ಊಟ?" ಎಂದರು ಹೆಂಡತಿ.

"ಅದೂ ತೂಕಾನೇ ಕಣೇ" ಎಂದು ಸಾಹೇಬರು ಖಾಲಿ ಹೊಟ್ಟೆಯಲ್ಲೇ ಹೊರಟರು. ಸೀಟಿಲ್ಲದ್ದರಿಂದ ಹೆಂಡತಿ, ಮಕ್ಕಳು ಬಸ್ಸಿನಲ್ಲಿ ಬಂದರು.

ಗುಡ್ಡದ ಬುಡದಲ್ಲಿ ಸಾಹೇಬರು ಮೊದಲು ನೋಡಿದ್ದು ಬೇಕರಿಯವನ ಚಕ್ರಗಳನ್ನು. ಅವು ಅವನ ಹಳೇ ಚಕ್ರಗಳೇ ಆಗಿದ್ದವು. ಹಾಗಾದರೆ ತಮ್ಮವನ್ನು ಕೊಂಡದ್ದಾದರೂ ಏಕೆ? ಯೋಚಿಸಲು ಹೊತ್ತಿರಲಿಲ್ಲ. ಮೊದಲು ಬೇಕರಿಯವನು ಗುಡ್ಡ ಹತ್ತಿದ. ಮೇಲಿನಿಂದ ಕೂಗಿ ಹೇಳಿದರು: ಐವತ್ತೆಂಟು ಮುಕ್ಕಾಲು ಸೆಕೆಂಡು.

ಸಾಹೇಬರ ಸರದಿ ಬಂತು. ಹೊರಡುವಾಗ ಕಾರು ಮತ್ತೆ ಮೈಮುರಿಯಿತು. "ಏಳು, ನನ್ನಪ್ಪ, ಏಳು!" ಎಂದು ಸಾಹೇಬರು ಸ್ಟೇರಿಂಗ್ ಗುದ್ದಿದರು. ಎದ್ದಿತು. ಮೊದಲ ತಿರುವಿನಲ್ಲಿ ಬ್ರೇಕನ್ನೇ ಮುಟ್ಟಲಿಲ್ಲ. ಅಗಲ ಟೈರು ನೆಲ ಬಿಡಲಿಲ್ಲ. ಎರಡನೆಯದು, ಮೂರನೆಯದು, ಬಂಡೆಗೆ ಗೇಣಿನಷ್ಟು ಅಂತರದಲ್ಲಿ ನಾಲ್ಕನೆಯದು. ಬರಿಗಾಲಿನಡಿ ಪೆಡಲು ಕಾದು ಸುಡುತ್ತಿತ್ತು, ಸೊಂಟ ಕಳಚಿದಂತಾಗಿತ್ತು, ಪ್ರಾಣ ಹೋದರೂ ಕಾರು ಹೋಗಬಾರದು ಎಂಬುದೊಂದೇ ಅವರ ತಲೆಯಲ್ಲಿತ್ತು. ತುದಿಯ ಗೆರೆ ದಾಟಿ, ನಿಲ್ಲಲಾರದೆ ಇನ್ನೂ ಐವತ್ತು ಹೆಜ್ಜೆ ಹೋಗಿ ನಿಂತಿತು.

"ಐವತ್ತೆಂಟೂವರೆ!"

ಕಾಲು ಸೆಕೆಂಡು! ಮಕ್ಕಳು ಕುಣಿದರು. ದರ್ಜಿ, "ಚಕ್ರ ನಾನೇ ಹೇಳಿದ್ದು!" ಎಂದು ಸಿಕ್ಕವರಿಗೆಲ್ಲ ಹೇಳಿದ. ಹೆಂಡತಿಯೂ ನಕ್ಕರು. ಬನಿಯನ್ನಿನ ಸಾಹೇಬರು ಕಪ್ಪಿಗೆ ಎರಡೂ ಕೈ ಚಾಚಿದರು.

"ಒಂದ್ನಿಮಿಷ" ಎಂದ ಬೇಕರಿಯವನು. "ಆ ಸ್ಟಾಪ್‌ವಾಚು ಸ್ವಲ್ಪ ತೋರಿಸ್ತೀರಾ?"

ಕಾರ್ಯದರ್ಶಿ ಕೊಟ್ಟರು. ಅವನು ಹಿಂದುಮುಂದು ತಿರುಗಿಸಿ ನೋಡಿ, ಮೆತ್ತಗೆ ಸಾಹೇಬರ ಕೈಯಲ್ಲಿಟ್ಟ. ಹಿಂಬದಿಯಲ್ಲಿ ಹೋದ ವರ್ಷದ ಮುದ್ರೆ ಇತ್ತು. ಈ ವರ್ಷದ್ದು ಇರಲಿಲ್ಲ. ಸೋಮವಾರದಿಂದ ಮೇಜಿನ ಮೇಲೆ ಕಾಯುತ್ತಿದ್ದ ನೀಲಿ ಡಬ್ಬಿಯನ್ನು ಚಕ್ರ ತೂಗುವ ಗಡಿಬಿಡಿಯಲ್ಲಿ ಮೂಲೆಗೆ ತಳ್ಳಿದ್ದು ಸಾಹೇಬರ ಕಣ್ಣೆದುರು ಬಂದು ನಿಂತಿತು.

"ವಾಚು ಸರಿಯಾಗೇ ಇದೆ! ಒಂದು ಕೂದಲೆಳೆ ತಪ್ಪಿಲ್ಲ!" ಎಂದರು ಸಾಹೇಬರು.

"ಸರಿ ಇದ್ರೆ ಸಾಲದು ಸಾರ್" ಎಂದ ಬೇಕರಿಯವನು. "ಮುದ್ರೆ ಇರ್ಬೇಕು."

ಕಾರ್ಯದರ್ಶಿ ಬಹಳ ನೊಂದುಕೊಂಡೇ ಕ್ಲಬ್ಬಿನ ನಿಯಮ ಓದಿದರು. ಮುದ್ರೆಯಿಲ್ಲದ ಗಡಿಯಾರದ ಲೆಕ್ಕ ನಡೆಯುವುದಿಲ್ಲ. ಅಂಥ ವರ್ಷ ಕಪ್ ಹಿಂದಿನ ವರ್ಷ ಗೆದ್ದವನ ಬಳಿಯೇ ಉಳಿಯತಕ್ಕದ್ದು. ಎರಡು ವರ್ಷದ ಹಿಂದೆ, ಸೋತ ಸಿಟ್ಟಿನಲ್ಲಿ, ಆ ನಿಯಮವನ್ನು ಹಟ ಹಿಡಿದು ಸೇರಿಸಿದವರು ತಕ್ಕಡಿ ಸಾಹೇಬರೇ. ಕೆಳಗೆ ಅವರ ರುಜುವೂ ಇತ್ತು. ಇನ್ನೊಮ್ಮೆ ಓಡಿಸೋಣವೆಂದರೆ ರಸ್ತೆಯನ್ನು ಆಗಲೇ ಲಾರಿಗಳಿಗೆ ಬಿಟ್ಟಾಗಿತ್ತು.

ಸಾಹೇಬರು ಹೆಂಡತಿಯ ಮುಖ ನೋಡಿದರು. "ಗೆದ್ದೆ ಕಣೇ. ನೀನೇ ನೋಡಿದ್ಯಲ್ಲ."

"ನೋಡಿದೆ. ಕಪ್ ಎಲ್ಲಿ?"

ಸಾಹೇಬರು ಕಾರಿನ ಹತ್ತಿರ ಹೋಗಿ, ಸೀಟಿಲ್ಲದ ಬರಿನೆಲದ ಮೇಲೆ ಕಾಲು ಚಾಚಿ ಕೂತು, ಬಾಗಿಲನ್ನು ಸವರಿದರು. ಅಳು ಬಂತು, ನುಂಗಿಕೊಂಡರು.

ಬೇಕರಿಯವನು ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಒಂದು ಬನ್ನು ಕೊಟ್ಟ. ಹಸಿದಿದ್ದ ಸಾಹೇಬರು ತಿಂದರು.

"ಸಾರ್, ಗಾಡಿ ಹೊರಗಿನವರಿಗೆ ಹೋಗೋದು ಬೇಡ. ನಾನು ತಗೋತೀನಿ. ಚೆನ್ನಾಗಿ ನೋಡ್ಕೋತೀನಿ."

"ಕೊಟ್ಬಿಡಿ" ಎಂದರು ಹೆಂಡತಿ.

"ಆದ್ರೆ ಈ ದೊಡ್ಡ ಚಕ್ರ ನನಗೆ ಬೇಡ, ನೀವೇ ಬಿಚ್ಚಿ ಇಟ್ಕೊಳ್ಳಿ. ನೋಡೋಕೆ ಚೆಂದ ಇವೆ." ಅವನು ಎದ್ದು, ಎಂದಿನಂತೆ ಕಾರಿನ ಬೆನ್ನು ಸವರಿದ. "ಇದರ ಚಕ್ರ ನಾಲ್ಕೂ ಬೆಳಿಗ್ಗೆನೇ ತಂದಿಟ್ಟಿದ್ದೀನಿ. ಐದನೇದು ನಿಮ್ಮನೆ ವರಾಂಡದಲ್ಲಿದೆಯಂತಲ್ಲ, ದರ್ಜಿ ಹೇಳಿದ. ಬರ್ತಾ ಅದೊಂದು ಮರೀಬೇಡಿ."