ಅಸ್ತು ಅನ್ನುವ ದೇವರಿಗೆ ಇಂಗ್ಲಿಷ್ ಬರೋದಿಲ್ಲ

ಆ ಮಾತು ನಾಲಿಗೆ ತುದಿಯಲ್ಲೇ ಇದೆ, ಪುಟ್ಟಿ. 'ಅಪ್' ಅಂತ ಮುಗಿಯುತ್ತದೆ. ಗಿವ್ ಅಪ್ ಅಲ್ಲ, ಇನ್ನೊಂದು. ಮೈಸೂರಿಗೆ ಬಂದು ಅರವತ್ತು ವರ್ಷವಾದರೂ ಹಾಲು ಉಕ್ಕಿದಾಗ ನನ್ನ ಬಾಯಿಗೆ ಬರುವುದು ಅಪ್ಪನ ಇಂಗ್ಲಿಷೇ. ಮನೆಮಂದಿ ನಗುತ್ತಾರೆ, ಮೊಮ್ಮಗಳಾದ ನೀನೂ. ಅದನ್ನು ನಾವು ಕಲಿತದ್ದು ಮಾತ್ರ ಹೆದರಿಕೆಯಿಂದ.

೧

ನಲವತ್ತೆಂಟರ ಬೇಸಿಗೆ. ನಮ್ಮೂರು ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಅನ್ನುತ್ತಿದ್ದೆವು. ನಿಜಾಮನ ಕಡೆಯ ಬಂದೂಕಿನವರು ಲೂಟಿ ಮಾಡುತ್ತ ಊರೂರು ತಿರುಗುತ್ತಿದ್ದರು. ಹಾಡಹಗಲೇ ಬಾಗಿಲಿಗೆ ಅಗಳಿ. ಅಪ್ಪ ಹುಮನಾಬಾದಿನ ದವಾಖಾನೆಯಲ್ಲಿ ಕಂಪೌಂಡರ್, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅಪ್ಪನ ತಾಯಿ, ನಮ್ಮ ಆಯಿ, ಮನೆಯೊಳಗೆ ಕೆಟ್ಟ ಮಾತನ್ನೇ ನಿಲ್ಲಿಸಿಬಿಟ್ಟಳು. ಜಂತಿಯ ಮೇಲಿನ ವಾಸ್ತುದೇವರು ಕೇಳಿಸಿಕೊಂಡು 'ಅಸ್ತು' ಅಂದರೆ ಅದು ನಡೆದೇ ಹೋಗುತ್ತದಂತೆ.

ಒಲೆ ಹತ್ತದೆ ಅವ್ವ ಒಮ್ಮೆ, "ಸಾಕಾತು, ಸುಟ್ಟು ಹೋಗ್ಲಿ" ಅಂದುಬಿಟ್ಟಳು. ಆಯಿ ಅವಳಿಂದ ಜಂತಿಗೆ ಕೈಮುಗಿಸಿ ಹೇಳಿಸಿದಳು: "ಒಲಿ ಅಷ್ಟರಿ, ಮನಿ ಅಲ್ಲ."

೨

ಆ ವಾರ ಅಪ್ಪ ಬಂದವನೇ ಬಾಗಿಲಿನ ಮೇಲ್ಪಟ್ಟಿಗೆ ತಲೆ ಬಡಿಸಿಕೊಂಡು "ಡ್ಯಾಮ್ ಇಟ್" ಅಂದ.

"ಏನಂದಿಪಾ?"

"ನಮ್ಮ ಡಾಕ್ಟರ್ ಸಾಹೇಬ್ರ ಮಾತು, ಎವ್ವಾ. ಬ್ಯಾಸತ್ತಾಗ ಅಂತಾರ."

"ಕೆಟ್ಟದ್ದೇನು?"

"ಕೆಟ್ಟದ್ದ."

ಆಯಿ ಜಂತಿ ನೋಡುತ್ತ ಬಹಳ ಹೊತ್ತು ನಿಂತಳು. ಏನೂ ಆಗಲಿಲ್ಲ.

"ಅವಗ ತಿಳೀಲಿಲ್ಲ," ಅಂದಳು. "ನಮಗೂ ನಾಕು ಕಲಸು."

ಮರುದಿನದಿಂದ ಅವ್ವ ಒಲೆ ಊದುತ್ತ "ಗೋ ಟು ಹೆಲ್" ಅನ್ನತೊಡಗಿದಳು, ಜೋಗುಳದ ದನಿಯಲ್ಲಿ.

೩

ಮುಂದೆ ಎರಡು ವಾರ ಅಪ್ಪ ಬರಲೇ ಇಲ್ಲ. ಹುಮನಾಬಾದ್ ದಾರಿಯಲ್ಲಿ ಗಾಡಿ ತಡೆದು ಗಂಡಸರನ್ನು ಇಳಿಸುತ್ತಿದ್ದಾರೆ ಅಂತ ಸುದ್ದಿ. ಆಯಿ ಇಂಗ್ಲಿಷೂ ಬಿಟ್ಟಳು.

ಮೂರನೆಯ ವಾರ, ಸುಡು ಮಧ್ಯಾಹ್ನ, ಬಾಗಿಲು ಬಡಿದ ಸದ್ದು. ಅವ್ವ ನನ್ನನ್ನು ಜೋಳದ ಚೀಲಗಳ ಹಿಂದೆ ತಳ್ಳಿದಳು. ಆಯಿ ಒನಕೆ ಹಿಡಿದಳು.

"ನಾನ ಅದೀನಿ, ತೆಗೀರಿ." ಒಡೆದ ಗಂಟಲು, ಅಪ್ಪನದಲ್ಲ ಅನ್ನಿಸಿತು.

"ನಾ ಅಂದ್ರ ಯಾರು?"

"ನಿನ್ನ ಮಗಾ, ಎವ್ವಾ."

"ಬಾಗಲಾ ತೆಗಸಾವ್ರೆಲ್ಲಾ ಹಂಗ ಅಂತಾರ."

ಹೊರಗೆ ಗಂಟು ಧೊಪ್ಪನೆ ಬಿತ್ತು. "ಐ ಗಿವ್ ಅಪ್. ಡ್ಯಾಮ್ ಇಟ್ ಆಲ್, ಐ ಆಮ್ ಫೆಡ್ ಅಪ್."

ಆಯಿ ಒನಕೆ ಇಳಿಸಿದಳು. "ತೆಗಿ. ದೇವರಿಗಂಜಿ ಇಂಗ್ಲಿಷಿನ್ಯಾಗ ಬೈಯೋ ಮಂದಿ ಈ ಊರಾಗ ನಮ್ಮ ಮನ್ಯಾಗಷ್ಟ ಅದಾರ."

ಗಡ್ಡ ಬಿಟ್ಟ ಅಪ್ಪ, ಹೊಲದ ದಾರಿಯಲ್ಲಿ ನಡೆದು ಬಂದವನು, ಹೊಸ್ತಿಲ ಮೇಲೆ ಕುಸಿದು ಕುಳಿತ.

ಹಾಂ, ಫೆಡ್ ಅಪ್. ಸಿಕ್ಕಿತು. ಪುಟ್ಟಿ, ಮರೆಯುವ ಮೊದಲು ಬರೆದುಕೋ. ಪಕ್ಕದಲ್ಲಿ ಕನ್ನಡದ ಅರ್ಥ ಬರೆದರೂ ಗಟ್ಟಿಯಾಗಿ ಓದಬೇಡ, ಮೇಲೆ ಕೂತವನು ಕೇಳಿಸಿಕೊಳ್ಳುತ್ತಾನೆ.